ಮಾತು ಬಾರದ ಮೊಮ್ಮಗ ಮತ್ತು ಕೊಬ್ಬರಿ ಲೆಕ್ಕದ ಪುಸ್ತಕ

(ತಿಪಟೂರಿನಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಶರಣರ ಜೀವನದ ಬಗ್ಗೆ, ವಚನಗಳ ಬಗ್ಗೆ ತಿಳಿದವರು ಮಾತಾಡುತ್ತಾರೆ. ನಾನು ಅಂಥ ಪಂಡಿತನಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ, ನಿವೃತ್ತಿಯಾದ ಮೇಲೆ ತುರುವೇಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ತೋಟ ನೋಡಿಕೊಂಡಿರುವವನು. ಪೂಜ್ಯರು ಒಂದು ದಿನ ನಮ್ಮ ಮನೆಗೆ ಬಂದಾಗ ನನ್ನ ಮೊಮ್ಮಗನನ್ನು ನೋಡಿ, "ಮೇಷ್ಟ್ರೇ, ಇದನ್ನೇ ಒಂದು ದಿನ ಗೋಷ್ಠಿಯಲ್ಲಿ ಹೇಳಿ, ಇಂಥ ಮಕ್ಕಳಿರುವ ಮನೆಗಳು ಇನ್ನೂ ಇವೆ" ಎಂದರು. ಅದಕ್ಕೆ ಬಂದು ನಿಂತಿದ್ದೇನೆ. ಹುಡುಗನ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಲಿ.

ಅವನಿಗೆ ಈಗ ಒಂಬತ್ತು ವರ್ಷ. ಒಂದೂವರೆ ವರ್ಷದವನಿದ್ದಾಗ "ತಾತ" ಎನ್ನುತ್ತಿದ್ದ, ಹಸು ಕಂಡರೆ "ಅಂಬಾ" ಎನ್ನುತ್ತಿದ್ದ. ಎರಡು ತುಂಬುವ ಹೊತ್ತಿಗೆ ಆ ಎರಡು ಮಾತೂ ನಿಂತುಹೋದವು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸರಪರ ಎಂದರೆ ಓಡಿ ಬರುತ್ತಿದ್ದ. ಹಾಗಾಗಿ ಕಿವುಡು ಅಲ್ಲ ಎಂದುಕೊಂಡೆವು. ಮೊಪೆಡ್ಡನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಹಿಂದಿನ ಚಕ್ರ ತಿರುಗಿಸುತ್ತಾ ಒಂದು ಗಂಟೆ ಕೂರುತ್ತಿದ್ದ. ಕರಟಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸುವುದು, ಸಾಲಿನಲ್ಲಿ ಒಂದನ್ನು ಯಾರಾದರೂ ಸರಿಸಿದರೆ ಊರಿಗೇ ಕೇಳುವ ಹಾಗೆ ಕಿರುಚುವುದು. ಏನಾದರೂ ಬೇಕಾದರೆ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ನಮ್ಮ ಮುಂಗೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಿದ್ದ, ನಮ್ಮ ಕೈ ಅವನಿಗೆ ಒಂದು ಇಕ್ಕಳ ಇದ್ದ ಹಾಗೆ.

ಇವಿಷ್ಟೂ ಪುಸ್ತಕದಲ್ಲಿ ಬರೆದಿಟ್ಟಂತಹ ಲಕ್ಷಣಗಳು ಎಂದು ನನಗೆ ತಿಳಿದದ್ದು ಎರಡು ವರ್ಷ ತಡವಾಗಿ. ಆ ಎರಡು ವರ್ಷ ನಾವೇನು ಮಾಡಿದೆವು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ವಿಜ್ಞಾನದ ಮೇಷ್ಟ್ರಾದ ನಾನು ಶಾಸ್ತ್ರ ಕೇಳಲು ಹೋದೆ. ಸೊಂಟಕ್ಕೆ ತಾಯಿತ ಕಟ್ಟಿಸಿದೆ. ಶರಣ ಧರ್ಮದವರು ಎಂದು ಹೇಳಿಕೊಳ್ಳುವ ನಮ್ಮ ಮನೆಯಲ್ಲೇ "ಯಾವ ಜನ್ಮದ ಕರ್ಮವೋ" ಎಂಬ ಮಾತು ದಿನಾ ಬಂತು. ಅದಕ್ಕಿಂತ ಕೆಟ್ಟದ್ದು, ಸೊಸೆಯನ್ನು ದೂರಿದೆವು. ಮೊಬೈಲ್ ಕೊಟ್ಟು ಕೆಡಿಸಿದಳು, ಬಸುರಿಯಲ್ಲಿ ಗ್ರಹಣ ನೋಡಿದಳು, ಮಗುವಿನ ಜೊತೆ ಮಾತೇ ಆಡುವುದಿಲ್ಲ. ಒಂದು ಹಂತದಲ್ಲಿ ಅವಳನ್ನು ಚಿಕ್ಕನಾಯಕನಹಳ್ಳಿ ಕಡೆಯ ತವರಿಗೆ ಕಳಿಸಿಬಿಡೋಣ ಎಂಬ ಮಾತೂ ಬಂತು. ಆ ಮಾತು ಎತ್ತಿದವನು ನಾನೇ.

ಈ ತಪ್ಪನ್ನು ನಮಗಿಂತ ದೊಡ್ಡವರೂ ಮಾಡಿದ್ದಾರೆ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದು, ಇದು ಬುದ್ಧಿಮಾಂದ್ಯವೂ ಅಲ್ಲ, ಹುಚ್ಚೂ ಅಲ್ಲ, ಬೇರೆಯೇ ಒಂದು ಸ್ಥಿತಿ ಎಂದರು. ಮರುವರ್ಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳ ಬಗ್ಗೆ ಬರೆದರು. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಅಲ್ಲಿನ ಅನೇಕ ವೈದ್ಯರು, ತಾಯಿಯ ಎದೆ ಮಂಜುಗಡ್ಡೆಯಂತೆ ತಣ್ಣಗಿರುವುದರಿಂದ ಮಗು ಹೀಗಾಗುತ್ತದೆ ಎಂದು ನಂಬಿದ್ದರು. ಎಷ್ಟು ತಾಯಂದಿರು ಅತ್ತರೋ ಲೆಕ್ಕವಿಲ್ಲ. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಪುಸ್ತಕ ಬರೆದು ಅದು ಸುಳ್ಳು ಎಂದು ವಾದಿಸಿದರು. ಅವರ ಮಗನಿಗೇ ಆಟಿಸಂ ಇತ್ತು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನ ಬಂದ ಮೇಲೆ ಇದರಲ್ಲಿ ವಂಶವಾಹಿಯ ಪಾತ್ರ ದೊಡ್ಡದು ಎಂಬುದು ಗೊತ್ತಾಯಿತು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ತಾಯಂದಿರೇ, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದನ್ನು ನಿಲ್ಲಿಸಬೇಡಿ. ಅತ್ತೆ ಮಾವಂದಿರೇ, ಸೊಸೆಯನ್ನು ದೂರುವುದನ್ನು ನಿಲ್ಲಿಸಿ.

ಹಾಗಾದರೆ ಆಟಿಸಂ ಎಂದರೇನು? ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುತ್ತಾರೆ. ನನಗೆ ಆ ಪದ ಅಷ್ಟು ಹಿಡಿಸುವುದಿಲ್ಲ, ಮಗು ತನ್ನಲ್ಲೇ ಮುಳುಗಿದೆ, ನಮ್ಮ ಗೊಡವೆ ಅದಕ್ಕಿಲ್ಲ ಎನ್ನುವ ಹಾಗೆ ಕೇಳಿಸುತ್ತದೆ. ನನ್ನ ಮೊಮ್ಮಗನಿಗೆ ನಮ್ಮ ಗೊಡವೆ ಬೇಕಾದಷ್ಟಿದೆ. ಇದು ಹುಟ್ಟಿನಿಂದಲೇ ಮಿದುಳು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ರೋಗ ಅಲ್ಲ, ಅಂಟುವುದಿಲ್ಲ. ಮುಖ್ಯವಾಗಿ ಎರಡು ಕಡೆ ಕಾಣುತ್ತದೆ. ಇನ್ನೊಬ್ಬರೊಡನೆ ಮಾತು, ನೋಟ, ಸನ್ನೆಗಳ ಕೊಡುಕೊಳ್ಳುವಿಕೆಯಲ್ಲಿ ಒಂದು. ಮಾಡಿದ್ದನ್ನೇ ಮಾಡುವುದು, ಬದಲಾವಣೆ ಸಹಿಸದಿರುವುದು, ಸದ್ದು, ಬೆಳಕು, ಸ್ಪರ್ಶ ಅತಿಯಾಗಿ ತಾಕುವುದು ಅಥವಾ ತಾಕದೇ ಇರುವುದು, ಇದು ಇನ್ನೊಂದು. ಒಬ್ಬ ಮಗುವಿಗೆ ಮಾತೇ ಇರುವುದಿಲ್ಲ, ಇನ್ನೊಬ್ಬ ಇಂಜಿನಿಯರ್ ಆಗುತ್ತಾನೆ, ಇಬ್ಬರಿಗೂ ಇದೇ ಹೆಸರು. ನೂರು ಮಕ್ಕಳಿಗೆ ಒಂದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದ್ದ ಅಂದಾಜು. ಗಂಡುಮಕ್ಕಳಲ್ಲಿ ಹೆಚ್ಚಾಗಿ ಗುರುತಿಸುತ್ತಾರೆ. ಹೆಣ್ಣುಮಕ್ಕಳಲ್ಲಿ "ನಾಚಿಕೆ ಸ್ವಭಾವ" ಎಂದು ಬಿಟ್ಟುಬಿಡುತ್ತಾರೆ.

ಒಂದು ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಹೇಳದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹೋದರೆ, ತೋರಿಸಿ. "ಅವರ ಅಪ್ಪನೂ ತಡವಾಗಿ ಮಾತಾಡಿದ" ಎಂದು ಕಾಯಬೇಡಿ. ನಾನು ಕಾದೆ. ಎರಡು ವರ್ಷಕ್ಕೆಲ್ಲ ಅನುಭವಿಗಳು ಗುರುತಿಸಬಲ್ಲರು, ನಾವು ಹೋದಾಗ ಅವನಿಗೆ ನಾಲ್ಕು ವರ್ಷ. ಅಂಗನವಾಡಿಗೆ, ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಹೇಳಿದರೆ ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನಾವು ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ಹೋಗಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆವು. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮಕ್ಕಳ ವಿಭಾಗವಿದೆ. ಅಲ್ಲಿ ಒಬ್ಬ ಹೆಣ್ಣುಮಗಳು, ನನ್ನ ಶಿಷ್ಯೆಯ ವಯಸ್ಸಿನವಳು, ನನ್ನ ಸೊಸೆಯ ಮುಖ ನೋಡಿ "ಅಮ್ಮಾ, ಇದು ನೀವು ಮಾಡಿದ್ದರಿಂದ ಆದದ್ದಲ್ಲ" ಎಂದಳು. ಸೊಸೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತಳು. ನಾನು ನೀರು ತರುವ ನೆಪ ಮಾಡಿಕೊಂಡು ಆಚೆ ಹೋದೆ.

ಇನ್ನು ಕಲಿಸುವ ಬಗೆ. ಎಬಿಎ ಎಂಬ ಮೂರು ಅಕ್ಷರವನ್ನು ನೀವು ಬೆಂಗಳೂರಿನ ಬೋರ್ಡುಗಳಲ್ಲಿ ನೋಡಿರಬಹುದು. ಅನ್ವಯಿಕ ವರ್ತನಾ ವಿಶ್ಲೇಷಣೆ ಎಂದು ಪೂರ್ತಿ ಹೆಸರು. ಹೆಸರು ದೊಡ್ಡದು, ತಿರುಳು ಸಣ್ಣದು. ಮಗು ಏನೇ ಮಾಡಿದರೂ ಅದಕ್ಕೆ ಮುಂಚೆ ಏನೋ ನಡೆದಿರುತ್ತದೆ, ಮಾಡಿದ ಮೇಲೆ ಅದಕ್ಕೆ ಏನೋ ಸಿಕ್ಕಿರುತ್ತದೆ. ಮುಂಚಿನದು, ನಡೆ, ಆಮೇಲಿನದು, ಈ ಮೂರನ್ನೂ ಬರೆದಿಟ್ಟು ನೋಡಬೇಕು. ಒಳ್ಳೆಯದು ಸಿಕ್ಕ ನಡೆ ಮತ್ತೆ ಬರುತ್ತದೆ, ಏನೂ ಸಿಗದ ನಡೆ ನಿಧಾನಕ್ಕೆ ಬಾಡುತ್ತದೆ.

ನಾನು ಹಳೆಯ ಕೊಬ್ಬರಿ ಲೆಕ್ಕದ ಪುಸ್ತಕದ ಉಳಿದ ಹಾಳೆಗಳಲ್ಲಿ ಗೆರೆ ಹಾಕಿದೆ. ದಿನಾಂಕ, ಗಂಟೆ, ಮುಂಚೆ ಏನಾಯಿತು, ಏನು ಮಾಡಿದ, ನಾವೇನು ಮಾಡಿದೆವು. ಮೊದಲ ವಾರವೇ ಒಂದು ವಿಷಯ ಸಿಕ್ಕಿತು. ಊಟಕ್ಕೆ ಕೂತಾಗ ಕಿರುಚುತ್ತಾನೆ, ಅವರಜ್ಜಿ ಮೊಬೈಲ್ ಕೊಡುತ್ತಾಳೆ, ಸುಮ್ಮನಾಗುತ್ತಾನೆ. ದಿನಕ್ಕೆ ಮೂರು ಸಲ ನಾವೇ ಅವನಿಗೆ "ಕಿರುಚಿದರೆ ಮೊಬೈಲ್" ಎಂದು ಪಾಠ ಮಾಡುತ್ತಿದ್ದೆವು. ಅವನು ಚೆನ್ನಾಗಿ ಕಲಿತಿದ್ದ.

ಎರಡನೆಯದು ಅಷ್ಟು ಸುಲಭಕ್ಕೆ ಸಿಗಲಿಲ್ಲ. ಇದ್ದಕ್ಕಿದ್ದಂತೆ ತನ್ನ ಮುಂಗೈ ಕಚ್ಚಿಕೊಳ್ಳುತ್ತಿದ್ದ, ರಕ್ತ ಬರುವ ಹಾಗೆ. ಒಂದು ವಾರ ಹಗಲು ಹೊತ್ತು, ಮುಂದಿನ ವಾರ ನಡುರಾತ್ರಿ ಎದ್ದು ಕೂತು. ಗಾಳಿ ಸೋಕಿದೆ ಎಂದವರೂ ಇದ್ದರು. ಮೂರು ವಾರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆಯಿತು. ರೈತರಿಗೆ ಹೇಳಬೇಕಾಗಿಲ್ಲ, ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ನಮ್ಮ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ ಅವನು ಮಲಗುವ ಕೋಣೆಯ ಗೋಡೆಗೇ ಇತ್ತು. ಕರೆಂಟು ಬಂದ ಕೂಡಲೇ ಆಟೋ ಸ್ಟಾರ್ಟರ್ ಟಕ್ ಎಂದು ಬಿದ್ದು ಗುಂಯ್ ಎನ್ನುತ್ತದೆ. ನಮಗೆ ಅದು ಕೇಳಿಸುವುದೇ ಇಲ್ಲ, ಕೇಳಿಸಿದರೂ ಕರೆಂಟು ಬಂತು ಎಂಬ ಸಂತೋಷ. ಅವನಿಗೆ ಅದು ತಲೆಯೊಳಗೆ ಗರಗಸ ಆಡಿಸಿದ ಹಾಗೆ ಇರಬೇಕು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಡಬ್ಬಿಯನ್ನು ಕೊಟ್ಟಿಗೆಯ ಆಚೆಗೆ ಹಾಕಿಸಿದೆ. ಕಚ್ಚಿಕೊಳ್ಳುವುದು ಪೂರ್ತಿ ನಿಂತಿತು ಎನ್ನುವುದಿಲ್ಲ, ಬಹಳ ಕಡಿಮೆಯಾಯಿತು. ಇಲ್ಲಿ ಬದಲಾಗಬೇಕಿದ್ದದ್ದು ಮಗು ಅಲ್ಲ, ಗೋಡೆ.

ಮೊಬೈಲಿನ ವಿಷಯದಲ್ಲಿ ಮಾತ್ರ ಅವನಿಗೆ ಬೇರೆ ದಾರಿ ಕಲಿಸಬೇಕಾಯಿತು. ಸುಮ್ಮನೆ ಕಿತ್ತುಕೊಂಡರೆ ಅರ್ಧ ಕೆಲಸ. ಕೇಳುವ ದಾರಿ ಇಲ್ಲದವನು ಕಿರುಚದೆ ಏನು ಮಾಡಬೇಕು? ಕೇಳುವುದನ್ನು ಕಲಿಸಬೇಕು, ಅದಕ್ಕೆ ಅವನಿಗೆ ತುಂಬಾ ಇಷ್ಟವಾದ ಒಂದು ವಸ್ತು ಬೇಕು. ಪಟ್ಟಣದಲ್ಲಿ ಚಾಕೊಲೇಟು ಇಟ್ಟುಕೊಳ್ಳುತ್ತಾರೆ. ನಮ್ಮವನಿಗೆ ಇಷ್ಟವಾದದ್ದು ಅಟ್ಟದ ಮೇಲಿತ್ತು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಮೇಲೆ ಒಳಗೆ ಕೊಬ್ಬರಿ ಕರಟ ಬಿಟ್ಟುಕೊಂಡು ಲೊಡಲೊಡ ಎನ್ನುತ್ತದಲ್ಲ, ಆ ಸದ್ದು ಕೇಳಿದರೆ ಅವನು ಕುಣಿಯುತ್ತಿದ್ದ. ಸೊಸೆ ಕಾಯಿಯ ಚಿತ್ರ ಬರೆದು ರಟ್ಟಿಗೆ ಅಂಟಿಸಿದಳು. ಅವಳು ಕಾಯಿ ಹಿಡಿದು ಎದುರಿಗೆ, ನಾನು ಅವನ ಹಿಂದೆ. ಅವನು ಕಾಯಿಗೆ ಕೈ ಚಾಚಿದಾಗ ನಾನು ಆ ಕೈಗೆ ರಟ್ಟು ಹಿಡಿಸಿ ಅವಳ ಕೈಗೆ ಕೊಡಿಸುವುದು, ಕೊಟ್ಟ ಕ್ಷಣವೇ ಅವಳು "ಕಾಯಿ" ಎಂದು ಹೇಳಿ ಅಲ್ಲಾಡಿಸಿ ಕೊಡುವುದು. ದಿನಕ್ಕೆ ಹತ್ತು ಹದಿನೈದು ಸಲ, ಆಟದ ಹಾಗೆ. ನನ್ನ ಕೈ ಮೊದಲು ಅವನ ಮುಂಗೈಯಲ್ಲಿ, ಆಮೇಲೆ ಮೊಣಕೈಯಲ್ಲಿ, ಆಮೇಲೆ ದೂರ. ಹನ್ನೆರಡನೆಯ ದಿನ ಅವನೇ ಅಡುಗೆ ಮನೆಗೆ ಹೋಗಿ ಅಮ್ಮನ ಸೆರಗು ಜಗ್ಗಿ ರಟ್ಟು ಕೊಟ್ಟ. ಹುಟ್ಟಿದ ಮೇಲೆ ಅವನು ಒಬ್ಬರಿಗೆ ಹೇಳಿದ ಮೊದಲ ಪೂರ್ತಿ ಮಾತು ಅದು. ಈಗ ಅವನ ಹತ್ತಿರ ಅರವತ್ತಕ್ಕೂ ಹೆಚ್ಚು ರಟ್ಟುಗಳಿವೆ, ಹನ್ನೆರಡೋ ಹದಿಮೂರೋ ಮಾತುಗಳಿವೆ. "ಸಾಕು" ಎಂಬ ರಟ್ಟನ್ನು ಅವನು ಹೆಚ್ಚಾಗಿ ನನಗೇ ತೋರಿಸುತ್ತಾನೆ.

ಒಂದು ಎಚ್ಚರಿಕೆ. ಕಿರುಚಿದರೂ ಮೊಬೈಲ್ ಕೊಡದಿದ್ದಾಗ ಮೊದಲ ನಾಲ್ಕೈದು ದಿನ ಕಿರುಚಾಟ ಎರಡರಷ್ಟಾಯಿತು. ಇದು ಆಗುವಂಥದ್ದೇ. ಐದನೇ ದಿನ ಸೋತು ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಕಿರುಚಬೇಕು ಎಂದು ಕಲಿಸಿದ ಹಾಗೆ. ಅಜ್ಜಿಯನ್ನು ಒಪ್ಪಿಸುವುದು ಮೊಮ್ಮಗನಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು, ಅವಳು ಇಲ್ಲೇ ಕೂತಿದ್ದಾಳೆ, ನಗುತ್ತಿದ್ದಾಳೆ.

ಚಡ್ಡಿ ಹಾಕಿಕೊಳ್ಳುವುದು, ಕೈ ತೊಳೆಯುವುದು, ಇವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆದು ಕೊನೆಯಿಂದ ಕಲಿಸುತ್ತಾರೆ. ಚಡ್ಡಿಯನ್ನು ನಾವೇ ಮೊಣಕಾಲಿನ ಮೇಲಿನವರೆಗೆ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವುದನ್ನು ಅವನಿಗೆ ಬಿಡುವುದು. ಮುಗಿಸಿದ ಖುಷಿ ಅವನದು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ.

ಈ ವಿದ್ಯೆಯ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ವ್ಯಾಪಾರಿಯಾಗುತ್ತೇನೆ. ಕ್ಯಾಲಿಫೋರ್ನಿಯಾದ ಇವಾರ್ ಲೋವಾಸ್ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾರಕ್ಕೆ ನಲವತ್ತು ಗಂಟೆ ಕಲಿಸಿದ ಹತ್ತೊಂಬತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಎಲ್ಲರಂತೆ ಓದುವಂತಾದರು ಎಂದರು. ಲೋಕವೇ ಬೆರಗಾಯಿತು. ಆದರೆ ಅಲ್ಲಿ ಮಕ್ಕಳನ್ನು ಗದರಿಸುವುದು, ಹೊಡೆಯುವುದು ಇತ್ತು. ಅಷ್ಟೇ ಫಲ ಮತ್ತೆ ಎಲ್ಲರಿಗೂ ಸಿಗಲಿಲ್ಲ. ಹಾಗೆ ಕಲಿತು ದೊಡ್ಡವರಾದ ಆಟಿಸಂ ಇರುವವರೇ ಇಂದು ಪುಸ್ತಕ ಬರೆದು, ನಮ್ಮ ಕೈ ಅಲ್ಲಾಡುವುದನ್ನು ನಿಲ್ಲಿಸಿದಿರಿ, ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿದಿರಿ, ನಮ್ಮ ನೋವನ್ನು ಕೇಳಲಿಲ್ಲ ಎನ್ನುತ್ತಿದ್ದಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಬೆಂಗಳೂರಿನ ಒಂದು ಕೇಂದ್ರದಲ್ಲಿ ನನ್ನ ಮೊಮ್ಮಗನ ಗದ್ದ ಹಿಡಿದು ಎತ್ತಿ "ಲುಕ್ ಅಟ್ ಮಿ" ಎಂದು ಇಪ್ಪತ್ತು ಸಲ ಹೇಳಿಸಿದ್ದನ್ನು ಗಾಜಿನ ಆಚೆಯಿಂದ ನೋಡಿದ್ದೇನೆ. ಕನ್ನಡವೇ ಬಾರದ ಮಗುವಿಗೆ ಇಂಗ್ಲಿಷು. ವರ್ಷದ ಹಣ ಮುಂಗಡ ಕೊಟ್ಟರೆ "ನಾರ್ಮಲ್" ಮಾಡಿಕೊಡುತ್ತೇವೆ ಎಂದರು. ವಾಪಸು ಬಂದೆವು. ಆಕರ ಕೋಶ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ತೋಟ ಅಡವಿಟ್ಟು ಹೋಗಬೇಡಿ. ಯಾರೇ ಕಲಿಸಲು ಬಂದರೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ.

ದೊಡ್ಡ ಊರಿನ ತಜ್ಞರೇ ಬೇಕೆಂದೇನಿಲ್ಲ ಎನ್ನುವುದಕ್ಕೆ ಒಂದು ಆಧಾರವಿದೆ. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟಿಗೆ ಒಂದು ಪ್ರಯೋಗ ನಡೆಯಿತು, ಅದರ ಫಲಿತಾಂಶ 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅವರ ಮೂಲಕ ತಂದೆ ತಾಯಿಯರಿಗೆ ಕಲಿಸಿದರು, ಮಗುವಿನ ಆಟವನ್ನು ಹಿಂಬಾಲಿಸಿ ಅದರ ಜೊತೆ ಒಡನಾಡುವುದನ್ನು. ತಂದೆ ತಾಯಿಯರ ಒಡನಾಟವೂ ಸುಧಾರಿಸಿತು, ಮಕ್ಕಳು ತಾವಾಗಿ ಮಾತಿಗೆ ಮುಂದಾಗುವುದೂ ಹೆಚ್ಚಿತು. ಇದು ಎಬಿಎ ಅಲ್ಲ, ಅದರ ಸೋದರ ಸಂಬಂಧಿ ಎನ್ನಬಹುದು. ನಮ್ಮ ಹಳ್ಳಿಗೆ ಹೊಂದುವುದು ಇಂಥದ್ದು.

ಹೊಡೆಯುವ ಮಾತು ಬಂತು. ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ, ನೆಂಟರ ಮದುವೆಯಲ್ಲಿ, ವಾಲಗದ ಸದ್ದಿಗೆ ಕಂಗೆಟ್ಟು ಅವನು ಊಟದ ಸಾಲಿಗೆ ನುಗ್ಗಿ ನಾಲ್ಕು ಎಲೆ ತುಳಿದ. ಎಲ್ಲರೂ ನನ್ನನ್ನೇ ನೋಡಿದರು. ನಾನು ಕೆನ್ನೆಗೆ ಹೊಡೆದೆ, ಎರಡು ಸಲ. ಬಸ್ಸಿನಲ್ಲಿ ಬರುವಾಗ ಸೊಸೆ ಒಂದೇ ಮಾತು ಹೇಳಿದಳು: "ಯಾಕೆ ಹೊಡೆದ್ರಿ ಅಂತ ಕೇಳೋಕೂ ಬರಲ್ಲ ಮಾವ ಅವನಿಗೆ." ಆಮೇಲೆ ಹತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಸರಿಯಾಗಿಯೇ ಮಾಡಿದಳು.

ಹಣೆಗೆ ವಿಭೂತಿ ಹಚ್ಚಿದರೂ ಅವನು ಒದ್ದಾಡುತ್ತಿದ್ದ. ಒದ್ದೆ ವಿಭೂತಿ ಒಣಗಿ ಚರ್ಮ ಎಳೆಯುವುದು ಅವನಿಗೆ ಆಗದು. ಮೂರು ಜನ ಹಿಡಿದುಕೊಂಡು ಹಚ್ಚುತ್ತಿದ್ದೆವು. ಪೂಜ್ಯರನ್ನು ಕೇಳಿದೆ. "ಬಿಡಿ ಮೇಷ್ಟ್ರೇ, ಹಣೆ ಅವನದು" ಎಂದರು. ಬಿಟ್ಟೆವು. ಈಗ ನಾನು ಪೂಜೆಗೆ ಕೂತಾಗ ಅವನೂ ಪಕ್ಕದಲ್ಲಿ ಬಂದು ಕೂರುತ್ತಾನೆ, ಖಾಲಿ ಹಣೆಯಲ್ಲಿ.

ಕೊನೆಯದಾಗಿ ಜೀವದ ವಿಷಯ. ಇಂಥ ಮಕ್ಕಳು ಹೇಳದೆ ಹೊರಟುಬಿಡುತ್ತಾರೆ, ನೀರಿನ ಕಡೆಗೆ ಸೆಳೆತ ಹೆಚ್ಚು. ನಮ್ಮ ಸೀಮೆಯಲ್ಲಿ ಕೆರೆ, ಕೃಷಿ ಹೊಂಡ, ಹೇಮಾವತಿ ನಾಲೆ. ಐದು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಕಾಯಿ ಸುಲಿಯುವವರ ಗಲಾಟೆಯಲ್ಲಿ ಅವನು ಕಾಣೆಯಾದ. ಒಂದೂಕಾಲು ಗಂಟೆ ಹುಡುಕಿದೆವು. ನಾಲೆಯ ಏರಿಯ ಮೇಲೆ ಕೂತು ನೀರು ನೋಡುತ್ತಿದ್ದವನನ್ನು ಕುರಿ ಕಾಯುವ ಒಬ್ಬ ಪುಣ್ಯಾತ್ಮ ಕೈ ಹಿಡಿದು ಕರೆತಂದ. ಅಂದಿನಿಂದ ಗೇಟಿಗೆ ಮೇಲಿನ ಚಿಲಕ, ಕೊರಳಲ್ಲಿ ನಮ್ಮ ಫೋನ್ ನಂಬರಿನ ಬಿಲ್ಲೆ. ಅಕ್ಕಪಕ್ಕದ ತೋಟದವರಿಗೆಲ್ಲ ಅವನ ಫೋಟೋ ತೋರಿಸಿ ಹೇಳಿದ್ದೇನೆ. ಮುಚ್ಚಿಟ್ಟರೆ ಮಗುವನ್ನು ಕಳೆದುಕೊಳ್ಳುತ್ತೇವೆ. ನಾಚಿಕೆ ಬಿಟ್ಟು ಊರಿಗೆ ಹೇಳಿ.

ಸರ್ಕಾರದಿಂದ ಇರುವುದನ್ನು ಬೇಗ ಹೇಳಿಬಿಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಶೇಕಡ 40ಕ್ಕೆ ಕಡಿಮೆ ಇಲ್ಲದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು. ನಮಗೆ ಒಂದು ಖಾಸಗಿ ಶಾಲೆ "ಬೇರೆ ಮಕ್ಕಳ ಪೋಷಕರು ಒಪ್ಪುವುದಿಲ್ಲ" ಎಂದು ಬಾಗಿಲು ಹಾಕಿತು. ಹಾಗೆ ಮಾಡುವಂತಿಲ್ಲ ಎಂದು ಆಗ ನನಗೇ ಗೊತ್ತಿರಲಿಲ್ಲ. ಈಗ ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾನೆ, ಬಿಆರ್‌ಸಿಯಿಂದ ವಿಶೇಷ ಶಿಕ್ಷಕರು ಬಂದು ನೋಡುತ್ತಾರೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷದವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಯುಡಿಐಡಿ ಕಾರ್ಡಿಗೆ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಮಠದವರಲ್ಲಿ ನನ್ನದು ಮೂರು ಬೇಡಿಕೆ. ಜಾತ್ರೆಯಲ್ಲಿ ಧ್ವನಿವರ್ಧಕ ಇಲ್ಲದ ಒಂದು ಕೋಣೆ ಇಂಥ ಮಕ್ಕಳಿಗೆ ಬಿಡಿ. ದಾಸೋಹದಲ್ಲಿ ಆ ಕುಟುಂಬಗಳನ್ನು ಸಾಲಿನಲ್ಲಿ ಕಾಯಿಸಬೇಡಿ. ಭಾನುವಾರ ಖಾಲಿ ಇರುವ ಶಾಲೆಯ ಒಂದು ಕೊಠಡಿಯನ್ನು ತಿಂಗಳಿಗೊಮ್ಮೆ ತಾಯಂದಿರು ಕೂತು ಮಾತಾಡಲು ಕೊಡಿ, ಯಾವ ಜಾತಿಯವರೇ ಆಗಲಿ.

ನಾನು ಗೆರೆ ಹಾಕಿದ ಆ ಹಾಳೆಯ ಐವತ್ತು ಜೆರಾಕ್ಸ್ ಪ್ರತಿ ತಂದಿದ್ದೇನೆ. ಪ್ರಸಾದ ಆದ ಮೇಲೆ ಹೊರಗಿನ ಜಗಲಿಯಲ್ಲಿ ನಾನೂ ನನ್ನ ಸೊಸೆಯೂ ಕೂತಿರುತ್ತೇವೆ. ತುಂಬುವುದು ಹೇಗೆಂದು ನನಗಿಂತ ಅವಳು ಚೆನ್ನಾಗಿ ಹೇಳಿಕೊಡುತ್ತಾಳೆ. ಹುಡುಗನೂ ಅಲ್ಲೇ ಇದ್ದಾನೆ. ಮಾತಾಡಿಸಿ, ಆದರೆ ಗದ್ದ ಹಿಡಿದು ಎತ್ತಬೇಡಿ. ಅವನು ಬಂದಿದ್ದಾನೆಂದು ಸ್ಪೀಕರಿನ ಸದ್ದು ತಗ್ಗಿಸಿದ ಮೈಕಿನವರಿಗೆ ಶರಣು.